‘ನಾವೇನು ಬೇರೆಯಾ?’

ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದದ್ದು 2022ರ ಫೆಬ್ರವರಿ 24ರಂದು. ಅಂದಿನಿಂದ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಈ ಯುದ್ಧದ ಬಗ್ಗೆ ನಾನು ಕೇಳುತ್ತ ಬಂದಿರುವ ಮಾತು ಒಂದೇ. ಬಸ್ಸಿನಲ್ಲಿ ಪಕ್ಕದ ಸೀಟಿನವರು, ಮಹಿಳಾ ಸಮಾಜದ ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತವರು, ಅಡಿಕೆ ಮಂಡಿಯ ಜಗುಲಿಯಲ್ಲಿ ಪೇಪರು ಹರಡಿಕೊಂಡವರು, ಎಲ್ಲರೂ ಹೇಳುವುದು ಇದನ್ನೇ: “ಪಾಪ, ಅಣ್ಣ ತಮ್ಮಂದಿರ ಜಗಳ. ಒಂದೇ ರಕ್ತ, ಒಂದೇ ಧರ್ಮ, ಭಾಷೆಯೂ ಹೆಚ್ಚುಕಡಿಮೆ ಒಂದೇ. ಅವರೇನು ಬೇರೆಯಾ? ಹೊಂದಿಕೊಂಡು ಇರಬಾರದಿತ್ತಾ?”

ಕೇಳುವುದಕ್ಕೆ ಎಷ್ಟು ಒಳ್ಳೆಯ ಮಾತು! ಹೇಳುವವರ ಮನಸ್ಸೂ ಒಳ್ಳೆಯದೇ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದು ಮಾತ್ರವಲ್ಲ, ಆ ಯುದ್ಧದ ಬೇರು ಇರುವುದೇ ಈ ಮಾತಿನಲ್ಲಿ ಎಂದು ಹೇಳುತ್ತೇನೆ. ಬೇರೆ ಬೇರೆಯಾಗಿರುವ ಜನ ಒಬ್ಬರ ಪಕ್ಕದಲ್ಲೊಬ್ಬರು ನೂರಾರು ವರ್ಷ ತಣ್ಣಗೆ ಬಾಳಿದ ಉದಾಹರಣೆ ಬೇಕಾದಷ್ಟಿದೆ. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ಕೈ ಹಾಕಿ “ನೀನು ಬೇರೆಯಲ್ಲ, ನಾನೇ ನೀನು” ಎಂದು ಹಟ ಹಿಡಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ದಿನ ಕಣ್ಣೀರು ಹರಿದಿದೆ.

ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ತೀರಿಕೊಂಡು ವರ್ಷಾಂತರವೂ ಮುಗಿದಿರುತ್ತದೆ. ತವರಿನಿಂದ ಫೋನು ಬರುತ್ತದೆ. “ತೋಟದ ಖಾತೆ ಬದಲಾಯಿಸಬೇಕು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕಿ ಹೋಗು.” ಯಾವ ಕಾಗದ ಎಂದು ಕೇಳಿದಿರೋ, ಅಣ್ಣನ ಮುಖ ಸಣ್ಣದಾಗುತ್ತದೆ. “ಎಂಥ ಮಾತು ಅಂತ ಆಡ್ತೀಯ? ನಾವೇನು ಬೇರೆಯಾ?” ಅಲ್ಲಿಗೆ ಮಾತು ಮುಗಿಯಿತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬಿತ್ತು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗೆ ಬಂತು. ಬಸ್ಸು ಹತ್ತಿ ಮನೆಗೆ ಬಂದದ್ದಾಯಿತು. ಗಮನಿಸಿ ನೋಡಿ: ಪಾಲು ಕೊಡುವಾಗ ಯಾರೂ ಈ ಮಾತು ಆಡುವುದಿಲ್ಲ. ತೆಗೆದುಕೊಳ್ಳುವಾಗ ಮಾತ್ರ ಆಡುತ್ತಾರೆ. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲುಂಟು ಎಂದು ಕರ್ನಾಟಕದಲ್ಲಿ ಕಾನೂನು ಜಾರಿಗೆ ಬಂದದ್ದು 1994ರಲ್ಲಿ. ಅದೂ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಕಾನೂನು ಬಂದು ಇಷ್ಟು ವರ್ಷವಾದರೂ ಆ ಒಂದು ವಾಕ್ಯದ ಮುಂದೆ ಅದು ಬಾಯಿ ಮುಚ್ಚಿ ಕೂರುವುದನ್ನು ನಾವು ಕಂಡಿಲ್ಲವೇ?

ಹೀಗಿರುವಾಗ ಉಕ್ರೇನಿನ ಕಥೆ ನಮಗೆ ಅರ್ಥವಾಗದಷ್ಟು ದೂರದ್ದೇನಲ್ಲ.

ಒಂದು ಹಳೆಯ ಮನೆ ಇತ್ತು. ಅದರ ಹೆಸರು ರುಸ್, ನಡುಮನೆ ಕೀವ್ ನಗರ. 988ರಲ್ಲಿ ಅಲ್ಲಿಯ ದೊರೆ ಕ್ರೈಸ್ತ ದೀಕ್ಷೆ ಪಡೆದ. ಉಕ್ರೇನಿಯನ್ನರು ಅವನನ್ನು ವೊಲೊದಿಮಿರ್ ಎನ್ನುತ್ತಾರೆ, ರಷ್ಯನ್ನರು ವ್ಲಾದಿಮಿರ್ ಎನ್ನುತ್ತಾರೆ. ಇಬ್ಬರೂ ‘ನಮ್ಮ ಮೂಲಪುರುಷ’ ಎನ್ನುತ್ತಾರೆ. ಮಾಸ್ಕೋದ ಹೆಸರು ಬರಹದಲ್ಲಿ ಮೊದಲ ಸಲ ಕಾಣಿಸುವುದೇ 1147ರಲ್ಲಿ. 1240ರಲ್ಲಿ ಮಂಗೋಲರು ಕೀವ್ ನಗರವನ್ನು ಸುಟ್ಟರು. ಆ ಮೇಲೆ ಮನೆಯವರೆಲ್ಲ ದಿಕ್ಕು ದಿಕ್ಕಿಗಾದರು. ಕೀವ್ ಸುತ್ತಿನವರು ಲಿಥುವೇನಿಯ, ಪೋಲೆಂಡುಗಳ ಆಳ್ವಿಕೆಯಲ್ಲಿ ಬೆಳೆದರು. ಮಾಸ್ಕೋ ಕಡೆಯವರು ಮಂಗೋಲರಿಗೆ ಕಪ್ಪ ಕಟ್ಟಿ, ಆಮೇಲೆ ತಾವೇ ದೊಡ್ಡ ದೊರೆಗಳಾದರು. ನಾನೂರು ವರ್ಷ ಬೇರೆ ಒಲೆಯಲ್ಲಿ ಬೇಯಿಸಿಕೊಂಡು ಉಂಡವರ ನಾಲಿಗೆ ಒಂದೇ ಥರ ಇರುತ್ತದೆಯೇ? ನುಡಿ ಬೇರೆಯಾಯಿತು, ನಡವಳಿಕೆ ಬೇರೆಯಾಯಿತು. ರಷ್ಯನ್ ಹೆಂಗಸು ‘ಸ್ಪಸಿಬಾ’ ಎಂದು ಕೃತಜ್ಞತೆ ಹೇಳಿದರೆ ಉಕ್ರೇನಿನವಳು ‘ದ್ಯಾಕುಯು’ ಎನ್ನುತ್ತಾಳೆ. ಉಕ್ರೇನಿನಲ್ಲಿ ‘ಪಲ್ಯಾನಿತ್ಸ್ಯಾ’ ಎಂಬ ಒಂದು ಬಗೆಯ ರೊಟ್ಟಿ ಇದೆ. 2022ರ ಯುದ್ಧದ ಮೊದಲ ದಿನಗಳಲ್ಲಿ ಗುರುತು ಸಿಗದವರನ್ನು ನಿಲ್ಲಿಸಿ ಈ ರೊಟ್ಟಿಯ ಹೆಸರು ಹೇಳಿಸುತ್ತಿದ್ದರಂತೆ. ರಷ್ಯನ್ನರ ನಾಲಿಗೆಗೆ ಅದು ಸರಿಯಾಗಿ ಬರುವುದಿಲ್ಲ. ಒಂದು ರೊಟ್ಟಿಯ ಹೆಸರಿಗೆ ಪ್ರಾಣ ಕಾಯುವ ಕೆಲಸ ಬಂದರೆ ಆ ಊರಿಗೆ ಎಂಥ ಗತಿ ಬಂದಿರಬೇಕು, ಯೋಚಿಸಿ.

1648ರಲ್ಲಿ ಉಕ್ರೇನಿನ ಕೊಸಾಕರು ಪೋಲೆಂಡಿನ ಮೇಲೆ ದಂಗೆಯೆದ್ದರು. ಒಬ್ಬರೇ ನಿಲ್ಲಲಾರದೆ 1654ರಲ್ಲಿ ಪೆರೆಯಾಸ್ಲಾವ್ ಎಂಬ ಊರಿನಲ್ಲಿ ಮಾಸ್ಕೋದ ದೊರೆಯ ಆಸರೆ ಬೇಡಿದರು. ಕೊಸಾಕರು ಅದನ್ನು ಒಪ್ಪಂದವೆಂದು ತಿಳಿದರು. ಮಾಸ್ಕೋ ಅದನ್ನು ಶರಣಾಗತಿಯೆಂದು ಬರೆದುಕೊಂಡಿತು. ಎಷ್ಟು ಹೆಣ್ಣುಮಕ್ಕಳ ಮದುವೆಯ ಕಥೆಯೂ ಇದೇ ಅಲ್ಲವೇ? 1667ರ ಹೊತ್ತಿಗೆ ಮಾಸ್ಕೋ ಮತ್ತು ಪೋಲೆಂಡು ಸೇರಿಕೊಂಡು ನೀಪರ್ ನದಿಯನ್ನು ಗಡಿ ಮಾಡಿ ಉಕ್ರೇನನ್ನು ಹಂಚಿಕೊಂಡವು. 1775ರಲ್ಲಿ ರಾಣಿ ಕ್ಯಾಥರೀನ್ ಕೊಸಾಕರ ಕೊನೆಯ ನೆಲೆಯನ್ನೂ ಕೆಡವಿಸಿದಳು. ಆಮೇಲೆ ಆ ನಾಡಿನ ಹೆಸರೇ ‘ಮಲರಸ್ಸೀಯ’, ಅಂದರೆ ಚಿಕ್ಕ ರಷ್ಯಾ.

ಇಷ್ಟಕ್ಕೇ ನಿಂತಿದ್ದರೆ ಇದು ಎಲ್ಲ ಸಾಮ್ರಾಜ್ಯಗಳ ಕಥೆಯೇ ಆಗುತ್ತಿತ್ತು. ನಿಲ್ಲಲಿಲ್ಲ. 1863ರಲ್ಲಿ ರಷ್ಯಾದ ಗೃಹಮಂತ್ರಿ ವಲುಯೆವ್ ಒಂದು ಸುತ್ತೋಲೆ ಹೊರಡಿಸಿದ. ಚಿಕ್ಕ ರಷ್ಯದ್ದು ಅಂತ ಬೇರೆಯೊಂದು ಭಾಷೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರಲಾರದು ಎಂಬುದು ಅದರ ಸಾರ. ಶಾಲೆಯ ಪುಸ್ತಕ, ಧರ್ಮದ ಪುಸ್ತಕ ಆ ಭಾಷೆಯಲ್ಲಿ ಅಚ್ಚಾಗಕೂಡದು ಎಂದಾಯಿತು. 1876ರಲ್ಲಿ ಝಾರ್ ಎರಡನೆಯ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಸ್ನಾನದೂರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಇನ್ನೊಂದು ಆಜ್ಞೆಗೆ ರುಜು ಹಾಕಿದ. ಉಕ್ರೇನಿಯನ್ ಪುಸ್ತಕಗಳನ್ನು ಹೊರಗಿನಿಂದ ತರಿಸುವುದೂ ಇಲ್ಲ, ನಾಟಕವೂ ಇಲ್ಲ. ಈ ಬಿಗಿ ಸಡಿಲವಾದದ್ದು 1905ರ ಹೊತ್ತಿಗೆ. ಆ ನಾಡಿನ ಮಹಾಕವಿ ತರಾಸ್ ಶೆವ್ಚೆಂಕೊ ಜೀತದ ಮನೆಯಲ್ಲಿ ಹುಟ್ಟಿದವನು. ಅವನನ್ನು 1847ರಲ್ಲಿ ಹಿಡಿದು ದೂರದ ದಂಡಿಗೆ ಸಿಪಾಯಿಯಾಗಿ ಕಳಿಸಿದರು. ಬರೆಯಕೂಡದು, ಚಿತ್ರ ಬಿಡಿಸಕೂಡದು ಎಂಬ ಕಟ್ಟಪ್ಪಣೆ ಬೇರೆ.

ನನ್ನದೊಂದು ಸಣ್ಣ ಪ್ರಶ್ನೆ: ಇಲ್ಲದ ಭಾಷೆಯನ್ನು ನಿಷೇಧಿಸುವುದು ಯಾಕೆ? ಇಲ್ಲದ ಮಗುವಿನ ಬಾಯಿಗೆ ಯಾರಾದರೂ ಬಟ್ಟೆ ತುರುಕುತ್ತಾರೆಯೇ?

ಸೋವಿಯತ್ ಕಾಲದಲ್ಲಿ 1932–33ರ ಕ್ಷಾಮ ಬಂತು. ಮಳೆ ಕೈಕೊಟ್ಟು ಬಂದ ಕ್ಷಾಮವಲ್ಲ. ಸ್ಟಾಲಿನ್ನನ ಸರ್ಕಾರ ಮನೆ ಮನೆ ಹೊಕ್ಕು ದವಸವನ್ನು ಹೊತ್ತುಕೊಂಡು ಹೋಗಿ ತಂದ ಕ್ಷಾಮ. ರೈತರು ಹಸಿವಿಗೆ ಊರು ಬಿಟ್ಟು ಹೋಗದಂತೆ ದಾರಿಯನ್ನೂ ಕಟ್ಟಿದರು. ಉಕ್ರೇನಿನಲ್ಲಿ ಸತ್ತವರು 35 ಲಕ್ಷಕ್ಕೂ ಮೇಲೆ ಎಂದು ಹೆಚ್ಚಿನ ಇತಿಹಾಸಕಾರರ ಅಂದಾಜು. ಜಗತ್ತಿನ ಕಣಜವೆನ್ನಿಸಿದ ಕಪ್ಪು ಮಣ್ಣಿನ ನಾಡು ಅದು. ರಷ್ಯಾದ ಹಳ್ಳಿಗಳಲ್ಲೂ ಕಝಾಕರ ನಾಡಿನಲ್ಲೂ ಆಗ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು, ನಿಜ. ಆದರೆ ಉಕ್ರೇನಿನ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಆ ನೆನಪನ್ನು ಪಿಸುಮಾತಿನಲ್ಲೇ ದಾಟಿಸಬೇಕಾಯಿತು. ಗಟ್ಟಿಯಾಗಿ ಅಳುವುದಕ್ಕೂ ಐವತ್ತು ವರ್ಷ ಅನುಮತಿ ಇರಲಿಲ್ಲ. 1954ರಲ್ಲಿ, ಪೆರೆಯಾಸ್ಲಾವ್ ‘ಒಗ್ಗಟ್ಟಿನ’ ಮುನ್ನೂರನೆಯ ವರ್ಷವೆಂದು ಸಂಭ್ರಮ ಮಾಡಿ, ಕ್ರಿಮಿಯಾವನ್ನು ಉಕ್ರೇನಿಗೆ ಸೇರಿಸಿದರು. ಒಂದೇ ಮನೆ ಎಂದುಕೊಂಡಾಗ ಯಾವ ಪಾತ್ರೆ ಯಾವ ಕೋಣೆಯಲ್ಲಿದ್ದರೇನು? 1991ರ ಡಿಸೆಂಬರ್ 1ರಂದು ಮತ ಹಾಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಬೇರೆಯಾಗುತ್ತೇವೆ ಎಂದಾಗ ಪಾತ್ರೆಗಳ ನೆನಪಾಯಿತು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿತು. 2021ರ ಜುಲೈಯಲ್ಲಿ ಪುಟಿನ್ ಒಂದು ಉದ್ದನೆಯ ಲೇಖನ ಬರೆದರು: ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ ಎಂದು. ಎಂಟು ತಿಂಗಳು ತುಂಬುವ ಮೊದಲೇ ಆ ಒಂದೇ ಜನದ ಮೇಲೆ ಬಾಂಬು ಬಿದ್ದವು.

ಯಾರ ಮೇಲೆ ಬಿದ್ದವು ಎಂಬುದನ್ನೂ ನೋಡಬೇಕು. ಖಾರ್ಕಿವ್ ನಗರದ ಮನೆಮನೆಯಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದದ್ದು ರಷ್ಯನ್ ಭಾಷೆಯೇ. ಮರಿಯುಪೋಲಿನಲ್ಲೂ ಹಾಗೆಯೇ. ನಮ್ಮವರ ರಕ್ಷಣೆಗೆ ಬಂದೆವು ಎಂದವರು ಮೊದಲು ಕೆಡವಿದ್ದು ‘ನಮ್ಮವರ’ ಮನೆಗಳನ್ನೇ. ನಮ್ಮ ಹಾವೇರಿ ಜಿಲ್ಲೆಯಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗ 2022ರ ಮಾರ್ಚ್ 1ರಂದು ಸತ್ತದ್ದು ಅದೇ ಖಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೊರಗೆ ಬಂದಾಗ. ಇಂಥ ‘ಒಂದೇ ರಕ್ತ’ದ ವಾದ ಎಲ್ಲಿಂದ ಎಲ್ಲಿಗೆ ಬಂದು ಯಾರ ಮಗನನ್ನು ನುಂಗುತ್ತದೆ ನೋಡಿ.

“ಒಂದೇ ಧರ್ಮದವರು ಹೀಗೆ ಮಾಡುವುದೇ?” ಎಂದು ಅಚ್ಚರಿಪಡುವವರಿಗೆ ನಾನು ಶೃಂಗೇರಿಯನ್ನು ನೆನಪಿಸುತ್ತೇನೆ. 1791ರಲ್ಲಿ, ಮೂರನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, ಪರಶುರಾಮ ಭಾವು ಪಟವರ್ಧನರ ಮರಾಠಾ ದಂಡಿನ ಜೊತೆ ಬಂದಿದ್ದ ಪಿಂಡಾರಿ ಕುದುರೆ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿದರು. ಜನ ಸತ್ತರು. ಶಾರದೆಯ ವಿಗ್ರಹ ಪೀಠದಿಂದ ಕದಲಿತು. ಸ್ವಾಮಿಗಳು ಊರು ಬಿಟ್ಟು ಘಟ್ಟದ ಕೆಳಗಿನ ಕಾರ್ಕಳದಲ್ಲಿ ಇರಬೇಕಾಯಿತು. ಅವರು ನೆರವು ಕೇಳಿ ಬರೆದದ್ದು ಟಿಪ್ಪು ಸುಲ್ತಾನನಿಗೆ. ಅವನು ವಿಗ್ರಹದ ಪುನಃಪ್ರತಿಷ್ಠೆಗೆ ಹಣವನ್ನೂ ದವಸವನ್ನೂ ಕೊಡಿಸಿದ. ಆ ಕನ್ನಡ ಪತ್ರಗಳು ಮಠದಲ್ಲೇ ಇದ್ದವು. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಈ ಸಂಗತಿಯನ್ನು ಹಿಡಿದುಕೊಂಡು ಇವತ್ತು ಆ ಕಡೆಯವರೂ ಈ ಕಡೆಯವರೂ ಕುಸ್ತಿ ಮಾಡುತ್ತಾರೆ. ನನಗೆ ಆ ಕುಸ್ತಿ ಬೇಡ. ಲೂಟಿ ಮಾಡಿದವರ ದಂಡಿನಲ್ಲೂ ದೇವರ ಪೂಜೆ ನಡೆಯುತ್ತಿತ್ತು, ಲೂಟಿಯಾದವರ ಮನೆಯಲ್ಲೂ ನಡೆಯುತ್ತಿತ್ತು. ಒಂದೇ ದೇವರು ಎಂಬುದು ಯಾರ ಪೆಟ್ಟಿಗೆಯ ಬೀಗವನ್ನೂ ಕಾಯಲಿಲ್ಲ, ಅಷ್ಟೇ ನಾನು ಹೇಳುವುದು. ರಷ್ಯಾ ಉಕ್ರೇನುಗಳದ್ದೂ ಒಂದೇ ಆರ್ಥಡಾಕ್ಸ್ ಧರ್ಮ. 1686ರಲ್ಲಿ ಕೀವ್‌ನ ಧರ್ಮಪೀಠ ಮಾಸ್ಕೋದ ಅಂಕೆಗೆ ಹೋಯಿತು. 2019ರಲ್ಲಿ ಉಕ್ರೇನಿನ ಚರ್ಚಿಗೆ ಸ್ವಂತ ಪೀಠ ಸಿಕ್ಕಾಗ ಮಾಸ್ಕೋದವರು ಅದನ್ನು ಒಪ್ಪಲೇ ಇಲ್ಲ. ಅಲ್ಲೂ ಅದೇ ಮಾತು: ನಾವೇನು ಬೇರೆಯಾ?

ಇನ್ನು ನಮ್ಮ ಮನೆಗೇ ಬರೋಣ. ಪರರ ಮನೆಯ ಜಗಳಕ್ಕೆ ನ್ಯಾಯ ಹೇಳುವುದು ಸುಲಭ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಒಂದು ದಿನ ಓಡಾಡಿದರೆ ಎಷ್ಟು ಮಾತು ಕಿವಿಗೆ ಬೀಳುತ್ತದೆ! ಕನ್ನಡವಂತೂ ಸರಿಯೇ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಧಾಟಿ. ಆಗುಂಬೆ ಘಟ್ಟ ಹತ್ತಿ ತೋಟದ ಕೆಲಸಕ್ಕೆ, ಹೋಟೆಲು ವ್ಯಾಪಾರಕ್ಕೆ ಬಂದು ನೆಲೆಸಿದವರ ತುಳು. ಪೇಟೆಯ ಅಂಗಡಿಗಳಲ್ಲಿ ಕೊಂಕಣಿ. ಬ್ಯಾರಿ ಮನೆಗಳ ಬ್ಯಾರಿ ಮಾತು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ರಬ್ಬರು ಬೆಳೆದವರ ಮಲಯಾಳ. ಹಿಂದೆ ಎಡೇಹಳ್ಳಿಯಾಗಿದ್ದ ಆ ಊರಿಗೆ ಮೈಸೂರಿನ ಯುವರಾಜರ ಹೆಸರು ಬಂತು. ಊರಿನ ಹೆಸರು ಬದಲಾದರೂ ಅಲ್ಲಿಯವರ ನಾಲಿಗೆ ಬದಲಾಗಲಿಲ್ಲ.

ನನ್ನ ಮನೆಮಾತು ತುಳು. ತಾಯಿಗೆ ನಾವು ಅಪ್ಪೆ ಎನ್ನುತ್ತೇವೆ. ಅನ್ನಕ್ಕೆ ನುಪ್ಪು, ಹಾಲಿಗೆ ಪೇರ್. ಮನೆಗೆ ‘ಇಲ್ಲ್’ ಎನ್ನುತ್ತೇವೆ. ಕನ್ನಡದ ಕಿವಿಗೆ ಅದು ‘ಇಲ್ಲ’ ಎಂದು ಕೇಳಿಸುತ್ತದೆ. ಕೇಳಿಸುವುದು ಮಾತ್ರವಲ್ಲ, ಕೆಲವರು ಹಾಗೆಂದು ತೀರ್ಮಾನವನ್ನೇ ಕೊಟ್ಟುಬಿಡುತ್ತಾರೆ. “ತುಳು ಅಂದರೆ ಕನ್ನಡದ್ದೇ ಒಂದು ಉಪಭಾಷೆ ಬಿಡಿ. ಲಿಪಿ ಇಲ್ಲ, ಸಾಹಿತ್ಯ ಇಲ್ಲ. ನೀವೇನು ಬೇರೆಯಾ?” ಎಂದು ಮೈಕಿನ ಮುಂದೆ ಪ್ರೀತಿಯಿಂದ ಹೇಳಿದವರನ್ನು ನಾನು ಕಂಡಿದ್ದೇನೆ. ನನ್ನ ಮಕ್ಕಳು ಓದಿದ ಒಂದು ಶಾಲೆಯಲ್ಲಿ ಟೀಚರು ನನ್ನನ್ನು ಕರೆದು, “ಮನೆಯಲ್ಲಿ ಆ ಭಾಷೆ ನಿಲ್ಲಿಸಿ, ಮಕ್ಕಳ ಉಚ್ಚಾರ ಕೆಡುತ್ತದೆ” ಎಂದಿದ್ದರು. ನಾನು ನಿಲ್ಲಿಸಲಿಲ್ಲ. ಮಕ್ಕಳ ಉಚ್ಚಾರವೂ ಕೆಡಲಿಲ್ಲ.

ಲಿಪಿ ಇಲ್ಲವೆನ್ನುವವರು ಇಂಗ್ಲಿಷಿನ ಲಿಪಿ ಯಾರದ್ದೆಂದು ಕೇಳಿಕೊಳ್ಳಲಿ. ಅದು ರೋಮನ್ನರದ್ದು. ಹಿಂದಿ, ಮರಾಠಿ ಎರಡೂ ಒಂದೇ ದೇವನಾಗರಿಯಲ್ಲಿವೆ. ಹಾಗೆಂದು ಮರಾಠಿಯನ್ನು ಯಾರೂ ಹಿಂದಿ ಎನ್ನುವುದಿಲ್ಲ. ತುಳುವಿಗೆ ಹಳೆಯ ಲಿಪಿಯೂ ಉಂಟು, ತಾಳೆಗರಿಯಲ್ಲಿ ಬರೆದ ಕಾವ್ಯವೂ ಉಂಟು. 1856ರಲ್ಲೇ ಕಾಲ್ಡ್‌ವೆಲ್ ಪಾದ್ರಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆಯುವಾಗ ತುಳುವನ್ನು ಬಹಳ ಬೆಳೆದ ಭಾಷೆಗಳ ಸಾಲಿನಲ್ಲಿಟ್ಟ. ಭಾಷಾಶಾಸ್ತ್ರಜ್ಞರು ಹೇಳುವುದೇನೆಂದರೆ, ಕನ್ನಡ ತಮಿಳುಗಳು ಒಂದನ್ನೊಂದು ಬಿಡುವ ಮೊದಲೇ ತುಳು ಆ ಮೂಲದಿಂದ ಕವಲೊಡೆದಿತ್ತು. ಗಂಡನ ಮನೆಯನ್ನು ತಾನೇ ಬಿಟ್ಟು ಹೊರಟ ಸಿರಿಯ ಕಥೆಯನ್ನು ನಮ್ಮ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿಕೊಂಡು ಬಂದರು. ಆ ಸಿರಿ ಪಾಡ್ದನವನ್ನು ದೂರದ ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ಬಂದು ದಾಖಲು ಮಾಡಿಕೊಂಡು 1998ರಲ್ಲಿ ಅಚ್ಚು ಹಾಕಿಸಿದಾಗ ಅದು ಹದಿನೈದು ಸಾವಿರ ಸಾಲು ದಾಟಿತ್ತು. ಸಾಹಿತ್ಯ ಇಲ್ಲವಂತೆ!

ಇದೇ ಮಾತು ಕನ್ನಡಕ್ಕೆ ಬಂದಾಗ ನಮಗೆ ಹೇಗಾಯಿತು? 2025ರ ಮೇ ತಿಂಗಳಲ್ಲಿ ಚೆನ್ನೈಯ ಒಂದು ಸಿನಿಮಾ ಸಮಾರಂಭದಲ್ಲಿ ಕಮಲ್ ಹಾಸನ್ ಅವರು ನಮ್ಮ ಶಿವರಾಜ್‌ಕುಮಾರ್ ಅವರನ್ನು ಎದುರಿಗಿಟ್ಟುಕೊಂಡು, ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದರು. ರಾಜ್ಯವೇ ಕುದಿಯಿತು. ಆ ಸಿನಿಮಾ ಜೂನ್‌ನಲ್ಲಿ ಬೇರೆಲ್ಲ ಕಡೆ ತೆರೆ ಕಂಡಾಗ ಕರ್ನಾಟಕದಲ್ಲಿ ಕಾಣಲಿಲ್ಲ. ಮಾತು ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಅವರ ಸಮಜಾಯಿಷಿ ಏನು ಗೊತ್ತೇ? ಪ್ರೀತಿಯಿಂದ ಹೇಳಿದ್ದು, ನಾವೆಲ್ಲ ಒಂದೇ ಕುಟುಂಬ ಎಂಬ ಅರ್ಥದಲ್ಲಿ ಹೇಳಿದ್ದು ಎಂದು. ನಮಗೆ ಸಿಟ್ಟು ಬಂದದ್ದು ಸರಿ. ಕನ್ನಡ ತಮಿಳಿನ ಮಗಳಲ್ಲ, ಒಡಹುಟ್ಟಿದವಳು. ಹಲ್ಮಿಡಿಯ ಕಲ್ಲು ಐದನೆಯ ಶತಮಾನದ್ದು. ಆದರೆ ಅಂದು ಟಿವಿಯ ಮುಂದೆ ಕುದಿದವರಲ್ಲಿ ಎಷ್ಟು ಜನ ಮರುದಿನ ತುಳುವನ್ನು ಕನ್ನಡದ ಕೂಸೆಂದಿಲ್ಲ? ಕೊಂಕಣಿಯೆಂದರೆ ಕೊಂಚ ಮರಾಠಿ ಕೊಂಚ ಕನ್ನಡ ಬೆರೆಸಿದ ಮಾತು ಎಂದು ನಕ್ಕಿಲ್ಲ? ನಮಗೆ ಅಂಟಿದ ಕೆಂಡವನ್ನು ಕೊಡವಿಕೊಂಡು ಪಕ್ಕದವರ ಮಡಿಲಿಗೆ ಹಾಕುವುದು ಯಾವ ನ್ಯಾಯ?

ಕನ್ನಡಿಗರು ತಮ್ಮ ಹಿಂದನ್ನು ಮರೆಯಬಾರದು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆಯಲ್ಲಿ ಒಂದು ಕಾಲಕ್ಕೆ ಶಾಲೆಯ ಪಾಠ, ಕಚೇರಿಯ ಕಾಗದ ಮರಾಠಿಯಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಮರಾಠಿ ಮಗ್ಗಿ ಹೇಳುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನಂಥವರು ಪಟ್ಟು ಹಿಡಿದು ಕನ್ನಡ ಶಾಲೆ ತೆರೆಯಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆ ನೋವಿನಿಂದಲೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಅಲ್ಲಿಯ ಕನ್ನಡಿಗರು ಬೀದಿಗೆ ಬಂದರು. ಆಗ ನಾವು ಘಟ್ಟದ ಮೇಲಿನಿಂದ ‘ಹೌದು, ಅವರ ಭಾಷೆ ಉಳಿಯಬೇಕು’ ಎಂದೆವು. ಅದೇ ಬಾಯಿ ನಮ್ಮ ಓಣಿಯ ತುಳು, ಕೊಂಕಣಿ, ಬ್ಯಾರಿಗಳ ವಿಷಯದಲ್ಲೂ ತೆರೆಯಬೇಕಲ್ಲ?

“ಹೀಗೆ ಎಲ್ಲರೂ ಬೇರೆ ಬೇರೆ ಅನ್ನುತ್ತ ಹೋದರೆ ನಾಡು ಉಳಿಯುತ್ತದಾ?” ಎಂದು ಕೇಳುವವರಿದ್ದಾರೆ. ಉಳಿಯುತ್ತದೆ. ಉಳಿದದ್ದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ಕೊಂಕಣಿ ಮರಾಠಿಯ ಉಪಭಾಷೆ, ಆದ್ದರಿಂದ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕು ಎಂಬ ವಾದ ಅರುವತ್ತರ ದಶಕದಲ್ಲಿ ಜೋರಾಗಿತ್ತು. ಏನು ಮಾಡಿದರು? 1967ರ ಜನವರಿ 16ರಂದು ಗೋವಾದ ಜನರನ್ನೇ ಕೇಳಿದರು. ಸೇರುವುದಿಲ್ಲ ಎಂದವರು ಸುಮಾರು 34 ಸಾವಿರ ಮತಗಳಿಂದ ಗೆದ್ದರು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆಯೆಂದು ಒಪ್ಪಿತು. 1992ರಲ್ಲಿ ಅದು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಭೂಮಿಯೇನು ಬಾಯಿ ಬಿಟ್ಟಿತೇ? ಮರಾಠಿ ಸೊರಗಿತೇ? ಗೋವಾದವರೂ ಮಹಾರಾಷ್ಟ್ರದವರೂ ಇವತ್ತಿಗೂ ಪರಸ್ಪರ ಹೆಣ್ಣು ಕೊಟ್ಟು ತರುತ್ತಾರೆ. 2011ರ ಜನಗಣತಿಯಲ್ಲಿ ಕೊಂಕಣಿಗರು 22 ಲಕ್ಷದ ಮೇಲೆ, ತುಳುವರು 18 ಲಕ್ಷದ ಮೇಲೆ. ಕೊಂಕಣಿಗೆ ಸಿಕ್ಕ ಮಣೆಯನ್ನು ತುಳುವರು ವರ್ಷಾನುಗಟ್ಟಲೆಯಿಂದ ಕೇಳುತ್ತಿದ್ದಾರೆ. ತುಳುವಿಗೊಂದು ಅಕಾಡೆಮಿ 1994ರಲ್ಲಿ ಬಂತು. ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ಮೂರನೆಯ ಭಾಷೆಯಾಗಿ ತುಳು ಕಲಿಯುವ ಅವಕಾಶ 2010ರಲ್ಲಿ ಬಂತು. ಅದರಿಂದ ಕನ್ನಡದ ಒಂದು ಅಕ್ಷರವೂ ಸವೆಯಲಿಲ್ಲ. ಒಲೆ ಬೇರೆಯಾದ ಅಣ್ಣತಮ್ಮಂದಿರು ಗೌರಿಹಬ್ಬಕ್ಕೆ, ದೀಪಾವಳಿಗೆ ಒಂದೇ ಪಂಕ್ತಿಯಲ್ಲಿ ಕೂತು ನಗುತ್ತ ಊಟ ಮಾಡುವುದನ್ನು ನಾವು ಮಲೆನಾಡಿನ ಮನೆಮನೆಯಲ್ಲಿ ಕಂಡಿದ್ದೇವೆ. ಪಾಲು ಕೇಳಿದವನನ್ನು ಬಲವಂತದಿಂದ ಒಂದೇ ಸೂರಿನಡಿ ಹಿಡಿದಿಟ್ಟ ಮನೆಗಳಲ್ಲಿ ಏನೇನಾಗಿದೆ ಎಂಬುದೂ ನಮಗೆ ಗೊತ್ತು.

ನೊಂದವರೆಲ್ಲ ದೇವರೆಂದು ನಾನು ಹೇಳುತ್ತಿಲ್ಲ. ನಿನ್ನೆಯ ತಮ್ಮ ಇವತ್ತು ಅಣ್ಣನಾಗುವುದು ಬಹಳ ಸುಲಭ. ಉಕ್ರೇನ್ 2019ರಲ್ಲಿ ತನ್ನ ಭಾಷೆಗೆ ಮೇಲುಗೈ ಕೊಡುವ ಕಾನೂನು ಮಾಡಿದಾಗ ಅಲ್ಲಿಯೇ ಹುಟ್ಟಿ ಬೆಳೆದು ರಷ್ಯನ್ ಆಡುವವರಲ್ಲಿ ಹಲವರಿಗೆ ಕಸಿವಿಸಿಯಾಯಿತು. ಆ ಕಸಿವಿಸಿಗೆ ಮಾತುಕತೆ ಮದ್ದಾಗಬೇಕಿತ್ತು, ಟ್ಯಾಂಕು ಮದ್ದಲ್ಲ. ನಾಳೆ ತುಳುವರ ಕೈಗೆ ಅಧಿಕಾರ ಬಂದು, ಅವರು ಕೊರಗರ ಮಾತನ್ನು ‘ಅದೂ ಒಂದು ಭಾಷೆಯಾ?’ ಎಂದು ತಳ್ಳಿದರೆ ನಾನು ಅವರ ವಿರುದ್ಧವೂ ಹೀಗೆಯೇ ಬರೆಯುತ್ತೇನೆ.

ದೊಡ್ಡ ದೊಡ್ಡ ಸಭೆಗಳಲ್ಲಿ ನಮ್ಮ ಮಾತು ನಡೆಯುವುದಿಲ್ಲ, ಒಪ್ಪಿದೆ. ನಡೆಯುವ ಜಾಗಗಳೂ ಇವೆ. ಮಗು ಮೊದಲು ಯಾವ ಮಾತು ಕೇಳಬೇಕೆಂಬುದು ಇವತ್ತಿಗೂ ಬಹುಮಟ್ಟಿಗೆ ತಾಯಿಯ ಕೈಯಲ್ಲಿದೆ. ಉಕ್ರೇನಿನಲ್ಲಿ ಪುಸ್ತಕ ಅಚ್ಚಾಗದ ಆ ಕಾಲದಲ್ಲಿ ಭಾಷೆ ಉಳಿದದ್ದು ಹಳ್ಳಿಯ ಅಡಿಗೆಮನೆಯಲ್ಲಿ, ತೊಟ್ಟಿಲಿನ ಪಕ್ಕದಲ್ಲಿ. ಆದ್ದರಿಂದ ನಿಮ್ಮ ಮನೆಮಾತು ಏನೇ ಇರಲಿ, ಬಂದ ನೆಂಟರ ಎದುರು, ಶಾಲೆಯ ಮೀಟಿಂಗಿನಲ್ಲಿ ಅದನ್ನು ಸೆರಗಿನಡಿ ಮುಚ್ಚಬೇಡಿ. ಕನ್ನಡವನ್ನು ಚೆನ್ನಾಗಿ ಕಲಿಸಿ, ಇಂಗ್ಲಿಷನ್ನೂ ಕಲಿಸಿ, ಅದರ ಜೊತೆಗೆ ಅಪ್ಪೆಯ ಮಾತನ್ನೂ ಕೊಡಿ. ಕನ್ನಡವೇ ಮನೆಮಾತಾದವರು ಬಾಡಿಗೆಗೆ ಬಂದ ಮಲಯಾಳಿ ಹೆಂಗಸಿಗೆ, ಕೆಲಸಕ್ಕೆ ಬರುವ ತುಳು ಹೆಂಗಸಿಗೆ “ನಿಮ್ಮಲ್ಲಿ ಇದಕ್ಕೆ ಏನನ್ನುತ್ತೀರಿ?” ಎಂದು ಒಮ್ಮೆ ಕೇಳಿ ನೋಡಿ. ‘ನೀವೂ ನಮ್ಮವರೇ’ ಎಂದು ಹತ್ತು ಸಲ ಹೇಳುವುದಕ್ಕಿಂತ ಆ ಒಂದು ಪ್ರಶ್ನೆಯಲ್ಲಿ ಹೆಚ್ಚು ಮರ್ಯಾದೆ ಇದೆ.

ಇನ್ನು ಯಾರಾದರೂ, ಅವರು ಅಣ್ಣನಾಗಲಿ, ಮಂತ್ರಿಯಾಗಲಿ, ದೊಡ್ಡ ದೇಶದ ಅಧ್ಯಕ್ಷರಾಗಲಿ, ತುಂಬ ಪ್ರೀತಿಯಿಂದ “ನಾವೇನು ಬೇರೆಯಾ?” ಎಂದು ಕೇಳಿದರೆ, ಜಗಳ ಮಾಡಬೇಡಿ. “ಹೌದು, ಬೇರೆ. ಆದರೂ ನೆಂಟರೇ. ಕಾಗದ ಇತ್ತ ಕೊಡಿ, ಓದಿ ನೋಡುತ್ತೇನೆ” ಎನ್ನಿ. ನಿಜವಾಗಿ ಪ್ರೀತಿ ಇದ್ದವರು ಕಾಗದ ಕೊಡುತ್ತಾರೆ.